ಬೀಗದಕೈ ಬೀಳುವ ಸದ್ದು

ನಮ್ಮ ಮನೆಯ ಬಾಗಿಲ ಪಕ್ಕ ಒಂದು ಪುಟ್ಟ ಮರದ ಮೇಜಿದೆ. ಆಫೀಸಿನಿಂದ ಬಂದ ಕೂಡಲೇ ಬೀಗದಕೈ ಗೊಂಚಲನ್ನು ಅದರ ಮೇಲೆ ಇಡುತ್ತೇನೆ. ಮೂರು ವರ್ಷದ ಹಿಂದೆ ಒಂದು ಭಾನುವಾರ ಅಕ್ಕ ಮನೆಗೆ ಬಂದಿದ್ದಳು. ಮಗಳು ಅವಳಿಗೆ ಏನೋ ವಿವರಿಸುತ್ತಿದ್ದಳು. ನಾನು ಒಳಗೆ ಬಟ್ಟೆ ಮಡಚುತ್ತಿದ್ದೆ, ಎಲ್ಲ ಕೇಳಿಸಿತು.

"ದೊಡ್ಡಮ್ಮ, ಬೀಗದಕೈ ಮೆಲ್ಲಗೆ ಇಟ್ರೆ ಅಮ್ಮನ ಹತ್ರ ಹೋಗ್ಬಹುದು. ಧಡ್ ಅಂತ ಬಿದ್ರೆ ನಾನು ರೂಮಲ್ಲೇ ಇರ್ತೀನಿ. ಕರೆದಾಗ ಬರ್ತೀನಿ."

ಆಗ ಅವಳಿಗೆ ಎಂಟು ವರ್ಷ. ಇದನ್ನು ಅವಳು ದೂರು ಅಂತ ಹೇಳಲಿಲ್ಲ. ಮೋಡ ಕವಿದರೆ ಕೊಡೆ ಹಿಡ್ಕೊಂಡು ಹೋಗ್ಬೇಕು ಅನ್ನುವಷ್ಟು ಸಹಜವಾಗಿ ಹೇಳಿದಳು. ನನ್ನ ಕೈಯಲ್ಲಿದ್ದ ಅಂಗಿ ಹಾಗೇ ಉಳಿಯಿತು.

ನಾನು ಮಗಳ ಮೇಲೆ ಯಾವತ್ತೂ ಕೈ ಎತ್ತಿದವಳಲ್ಲ. ಗದರಿದ್ದೂ ಕಮ್ಮಿ. ಸಿಟ್ಟೆಲ್ಲ ಆಫೀಸಿನದು, ಅದನ್ನು ಆಫೀಸಿನಲ್ಲೇ ಬಿಟ್ಟು ಬರುತ್ತೇನೆ, ಇಲ್ಲವೇ ನನ್ನೊಳಗೇ ನುಂಗಿಕೊಳ್ಳುತ್ತೇನೆ ಅಂತ ನಂಬಿದ್ದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರಲ್ಲ, ಅಂಥವಳು ನಾನಲ್ಲ ಅಂತ ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಇತ್ತು. ಆದರೆ ನನ್ನ ಮಗು ದಿನಾ ಸಂಜೆ ಬಾಗಿಲಾಚೆ ಕಿವಿಗೊಟ್ಟು ಕೂರುತ್ತಿತ್ತು. ಎಷ್ಟು ತಿಂಗಳಿಂದ ಅಂತ ಕೇಳುವ ಧೈರ್ಯ ನನಗೆ ಇವತ್ತಿನವರೆಗೂ ಬಂದಿಲ್ಲ.

ಕೆಲಸದ ವಿಷಯ ಹೇಳುತ್ತೇನೆ. ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ ಹತ್ತು ವರ್ಷ ಇದ್ದೆ. ಸಾಮಾನು ಕೊಟ್ಟವರ ಬಿಲ್ಲು ಬರುತ್ತದೆ. ಅದನ್ನು ನಾವು ಕೊಟ್ಟ ಆರ್ಡರಿನ ಜೊತೆ ತಾಳೆ ನೋಡಬೇಕು. ಸಾಮಾನು ನಿಜಕ್ಕೂ ಬಂದಿದೆ ಅನ್ನುವ ರಸೀದಿಯ ಜೊತೆಗೂ ತಾಳೆ ನೋಡಬೇಕು. ಮೂರೂ ಕೂಡಿದರೆ ದುಡ್ಡು ಬಿಡುಗಡೆ. ಹೊರಗಿನವರಿಗೆ ಇದು ಬೇಜಾರಿನ ಕೆಲಸ ಅನ್ನಿಸಬಹುದು. ನನಗೆ ಮೊದಲ ಏಳು ವರ್ಷ ತುಂಬಾ ಇಷ್ಟವಿತ್ತು. ಕೂಡದೇ ಇದ್ದ ಲೆಕ್ಕ ಒಂದು ಮಧ್ಯಾಹ್ನ ಇದ್ದಕ್ಕಿದ್ದ ಹಾಗೆ ಕೂಡಿಬಿಡುತ್ತದಲ್ಲ, ಆಗಿನ ಸಮಾಧಾನ ಗೊತ್ತಿರುವವರಿಗೇ ಗೊತ್ತು.

ಏಳು ವರ್ಷ ಆದ ಮೇಲೆ ಮೇಲಿನವರು ಬದಲಾದರು. ಹೊಸ ಮ್ಯಾನೇಜರ್ ಸಂಜೆ ಐದೂ ಮುಕ್ಕಾಲಿಗೆ ಮೇಲ್ ಹಾಕುತ್ತಿದ್ದರು, ಇವತ್ತೇ ಬೇಕು ಅಂತ. ಎಂಟು ಗಂಟೆಯವರೆಗೆ ಕೂತು ಕಳಿಸಿದರೆ, ಎರಡು ದಿನ ಆದರೂ ಅದನ್ನು ತೆರೆದೇ ಇರುತ್ತಿರಲಿಲ್ಲ. ಎಲ್ಲರ ಎದುರು ಕೂಗಾಡುತ್ತಿದ್ದರು. ರಜೆ ಕೇಳಿದರೆ ಎರಡು ದಿನ ಉತ್ತರವೇ ಇಲ್ಲ. ಇವೆಲ್ಲ ಸಹಿಸಿಕೊಳ್ಳಬಹುದಾಗಿತ್ತೇನೋ. ನನ್ನನ್ನು ಸುಟ್ಟದ್ದು ಬೇರೆ.

ಎಂಟು ತಿಂಗಳು ಕೂತು ನಾನೊಂದು ಶೀಟ್ ಮಾಡಿದ್ದೆ. ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ಹೋಗುವುದನ್ನು ಅದು ಹಿಡಿಯುತ್ತಿತ್ತು. ಬಿಲ್ಲಿನ ನಂಬರಿನಲ್ಲಿ ಒಂದು ಸೊನ್ನೆಯೋ ಅಡ್ಡಗೆರೆಯೋ ಹೆಚ್ಚುಕಮ್ಮಿ ಆಗಿದ್ದರೂ ಸಾಲನ್ನು ಕೆಂಪು ಮಾಡಿ ತೋರಿಸುತ್ತಿತ್ತು. ಮ್ಯಾನೇಜರ್ ಅದನ್ನು ದೊಡ್ಡವರ ಮೀಟಿಂಗಿನಲ್ಲಿ ಇಟ್ಟರು. ಮೊದಲ ಸ್ಲೈಡಿನಲ್ಲಿ ಅವರ ಹೆಸರು. ಕೊನೆಯ ಸ್ಲೈಡಿನಲ್ಲೂ ಅವರ ಹೆಸರೇ. ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ನಾನು ತಟ್ಟಿದ ಆ ಚಪ್ಪಾಳೆಯೇ ನನಗೆ ಜಾಸ್ತಿ ಉರಿದದ್ದು.

ಅವತ್ತಿನಿಂದ ಸುಮಾರು ಎರಡು ವರ್ಷ ನನ್ನ ತಲೆಯೊಳಗೆ ಆ ಮೀಟಿಂಗ್ ಮುಗಿಯಲೇ ಇಲ್ಲ. ಸ್ನಾನ ಮಾಡುವಾಗ ಎದ್ದುನಿಂತು ಮಾತಾಡುತ್ತಿದ್ದೆ: "ಸರ್, ಈ ಶೀಟ್ ಮಾಡಿದ್ದು ಯಾರು ಅಂತ ಹೇಳ್ತೀರಾ?" ಬಸ್ಸಿನಲ್ಲಿ ಅದೇ ಮಾತು ಇನ್ನೂ ಚೂಪಾಗುತ್ತಿತ್ತು. ರಾತ್ರಿ ಮಲಗಿದಾಗ ಅವರು ತಲೆ ತಗ್ಗಿಸಿಕೊಂಡು ಕ್ಷಮೆ ಕೇಳುತ್ತಿದ್ದರು. ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆಗೆ ಹೊಟ್ಟೆ ಹಿಂಡಲು ಶುರುವಾಗುತ್ತಿತ್ತು. ಗಡಿಯಾರ ನೋಡದೆಯೂ ನಾಲ್ಕಾಯಿತು ಅಂತ ಗೊತ್ತಾಗುತ್ತಿತ್ತು.

ಈ ಸಿಟ್ಟಿನ ಬಗ್ಗೆ ನನಗೆ ಒಂದು ನಂಬಿಕೆ ಇತ್ತು. ಅದನ್ನು ಇಲ್ಲಿ ಬಿಡಿಸಿ ಹೇಳಬೇಕು, ಯಾಕೆಂದರೆ ನನ್ನ ಹಾಗೆ ನಂಬಿಕೊಂಡವರು ತುಂಬಾ ಜನ ಇದ್ದಾರೆ ಅನ್ನಿಸುತ್ತದೆ. ನನಗೆ ಸ್ವಾಭಿಮಾನ ಇದೆ ಅನ್ನುವುದಕ್ಕೆ ಈ ಸಿಟ್ಟೇ ಸಾಕ್ಷಿ ಅಂದುಕೊಂಡಿದ್ದೆ. ಇದು ಆರಿಹೋದರೆ ನಾನು ಅವರಿಗೆ ಸೋತ ಹಾಗೆ, ಆದದ್ದನ್ನು ಒಪ್ಪಿಕೊಂಡ ಹಾಗೆ. ಅದಕ್ಕೇ ಆರಲು ಬಿಡುತ್ತಿರಲಿಲ್ಲ. ಸ್ವಲ್ಪ ತಣ್ಣಗಾಯಿತು ಅನ್ನಿಸಿದರೆ ನಾನೇ ಕೆದಕುತ್ತಿದ್ದೆ.

ಮೊದಲು ಸೀಳಿದ್ದು ಹಲ್ಲು. ಕೆಳದವಡೆಯ ಹಿಂದಿನ ಹಲ್ಲು, ಎಡಗಡೆ. ಗಟ್ಟಿಯಾದದ್ದೇನೂ ತಿಂದಿರಲಿಲ್ಲ. ಬೆಳಿಗ್ಗೆ ಏಳುವಾಗ ನಾಲಗೆಗೆ ಚೂಪಾದ ಅಂಚು ತಾಗಿತು. ದಂತವೈದ್ಯರು ಬಾಯೊಳಗೆ ನೋಡಿ ಕೇಳಿದರು, "ರಾತ್ರಿ ಹಲ್ಲು ಕಡೀತೀರಾ?"

"ಇಲ್ಲ ಡಾಕ್ಟ್ರೇ."

ಅವರು ಮಾತಾಡದೆ ಕೈಗೆ ಕನ್ನಡಿ ಕೊಟ್ಟರು. ಕೋರೆಹಲ್ಲುಗಳ ತುದಿ ಸವೆದು ಚಪ್ಪಟೆಯಾಗಿತ್ತು. ಕೆನ್ನೆಯ ಒಳಭಾಗದಲ್ಲಿ, ಮೇಲಿನ ಹಲ್ಲೂ ಕೆಳಗಿನ ಹಲ್ಲೂ ಕೂಡುವ ಜಾಗದುದ್ದಕ್ಕೂ ಒಂದು ಬಿಳಿ ಗೆರೆ. ನಾಲಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು, ಒಂದರ ಪಕ್ಕ ಒಂದು. ಆಮೇಲೆ ಅವರು ಕಿವಿಯ ಕೆಳಗೆ, ದವಡೆಯ ಮೂಲೆಯಲ್ಲಿ ಎರಡು ಬೆರಳಿಟ್ಟು ಒತ್ತಿದರು. ಕಣ್ಣಲ್ಲಿ ನೀರು ಬಂತು. "ಈ ಸ್ನಾಯು ಹಗಲೂ ರಾತ್ರಿ ದುಡೀತಿದೆ. ಹಲ್ಲು ಕಡಿಯೋಕೆ ಬೇರೆ ಕಾರಣಗಳೂ ಇರ್ತವೆ. ಆದ್ರೂ ಕೇಳ್ತೀನಿ, ಏನಾದ್ರೂ ಒತ್ತಡ ಇದೆಯಾ?" ಅಂದರು.

ಹಲ್ಲುಕಚ್ಚಿ ಸಹಿಸಿಕೊಂಡಿದ್ದೀನಿ ಅಂತ ಎಷ್ಟು ಜನರ ಹತ್ತಿರ ಹೇಳಿದ್ದೆನೋ. ಅದು ಬರೀ ಮಾತಾಗಿರಲಿಲ್ಲ. ಆ ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡೆ. ರಾತ್ರಿ ಹಾಕಿಕೊಳ್ಳಲು ಒಂದು ಗಾರ್ಡ್ ಮಾಡಿಕೊಟ್ಟರು. ಇವತ್ತಿಗೂ ಅದು ನನ್ನ ಹಾಸಿಗೆಯ ಪಕ್ಕ ಡಬ್ಬಿಯಲ್ಲಿದೆ. ಅದರ ಮೇಲೂ ಕಡಿದ ಗುರುತಿದೆ.

ಆಮೇಲೆ ತಲೆನೋವು. ಡಾಕ್ಟರ ಹತ್ತಿರ ಹೋದರೆ ಬಿಪಿ 152, 96. ನನ್ನ ಮನೆಕಡೆ ಯಾರಿಗೂ ಬಿಪಿ ಇರಲಿಲ್ಲ. ಅವರು ತಕ್ಷಣ ಮಾತ್ರೆ ಬರೆಯಲಿಲ್ಲ. "ಒಂದು ಮಷಿನ್ ತಗೊಳ್ಳಿ. ಒಂದು ವಾರ ಬೆಳಿಗ್ಗೆ ಸಂಜೆ ನೋಡಿ ಬರೆದು ತನ್ನಿ. ಐದು ನಿಮಿಷ ಸುಮ್ನೆ ಕೂತ ಮೇಲೆ ನೋಡ್ಬೇಕು. ಬೆನ್ನಿಗೆ ಆಸರೆ ಇರಲಿ, ಪಾದ ನೆಲಕ್ಕೆ ಊರಿರಲಿ, ತೋಳು ಎದೆಯ ಮಟ್ಟಕ್ಕಿರಲಿ. ನೋಡುವಾಗ ಮಾತಾಡ್ಬಾರದು."

ಲೆಕ್ಕದ ಕೆಲಸದವಳು ನಾನು, ಅಚ್ಚುಕಟ್ಟಾಗಿ ಪಟ್ಟಿ ಮಾಡಿದೆ. ಭಾನುವಾರ ಬೆಳಿಗ್ಗೆ 124, 80. ಸೋಮವಾರ ಸಂಜೆ 148, 94. ವಾರವಿಡೀ ಹೀಗೇ, ಸಂಜೆ ಏರಿಕೆ. ಕೆಲಸದ ಆಯಾಸ, ಬಸ್ಸಿನ ನೂಕುನುಗ್ಗಲು ಅಂತ ಅಂದುಕೊಂಡೆ.

ಮುಂದಿನ ಶನಿವಾರ ರಜೆ. ಬೆಳಿಗ್ಗೆ ಹನ್ನೊಂದೂವರೆಗೆ ನೋಡಿದಾಗ 126, 82. ಅಷ್ಟರಲ್ಲಿ ಅಕ್ಕನ ಫೋನ್ ಬಂತು. ಅದೂ ಇದೂ ಮಾತಾಡುತ್ತಾ ಆ ಮೀಟಿಂಗಿನ ವಿಷಯ ಬಂತು. ನಾನೇ ಆ ಮಾತು ತೆಗೆದೆ. ಒಂದು ಹತ್ತು ನಿಮಿಷ ಹೇಳಿರಬೇಕು. ಅಕ್ಕ ಪೂರ್ತಿ ಕೇಳಿಸಿಕೊಂಡು, "ಇದನ್ನ ನನಗೆ ಎಷ್ಟು ಸಲ ಹೇಳಿದ್ದೀಯ ಗೊತ್ತೇನೇ?" ಅಂದಳು. ಬೇಜಾರಿನಿಂದ ಕೇಳಿದ್ದಲ್ಲ. ನನಗೇನೋ ಆಗುತ್ತಿದೆ ಅನ್ನುವ ಭಯ ಅವಳ ದನಿಯಲ್ಲಿತ್ತು.

ಫೋನ್ ಇಟ್ಟೆ. ಮಷಿನ್ ಎದುರಿಗೇ ಇತ್ತು. ಐದು ನಿಮಿಷ ಕೂತೆ, ಪಾದ ನೆಲಕ್ಕೆ ಊರಿ. ಗುಂಡಿ ಒತ್ತಿದೆ. 149, 95.

ಅವತ್ತು ಆಫೀಸಿಲ್ಲ. ಬಸ್ಸಿಲ್ಲ. ಮ್ಯಾನೇಜರ್ ಎಲ್ಲೋ ತಮ್ಮ ಮನೆಯಲ್ಲಿ ಆರಾಮಾಗಿದ್ದಾರೆ. ಆ ಮೀಟಿಂಗ್ ನಡೆದು ಒಂದು ವರ್ಷ ದಾಟಿದೆ. ಇಷ್ಟಾದರೂ ನನ್ನ ಬಿಪಿ ಸೋಮವಾರ ಸಂಜೆಗಿಂತ ಒಂದು ಅಂಕಿ ಮೇಲಿದೆ.

ಜಾಸ್ತಿ ಹೊತ್ತು ಮಾತಾಡಿದ್ದಕ್ಕೇ ಹೀಗಾಯಿತಾ ಅನ್ನುವ ಅನುಮಾನ ಬಂತು. ಮಾರನೇ ದಿನ ಅದೇ ಹೊತ್ತಿಗೆ ನಾನೇ ಅಕ್ಕನಿಗೆ ಫೋನ್ ಮಾಡಿದೆ. ಅವಳ ಮಗನ ಪರೀಕ್ಷೆ, ಅವಳ ಮಂಡಿನೋವು, ಹಳೆಯ ಗೆಳತಿಯೊಬ್ಬಳ ಸುದ್ದಿ. ಅಷ್ಟೇ ಹೊತ್ತು ಮಾತು. ಆಮೇಲೆ ನೋಡಿದರೆ 129, 83. ಪಟ್ಟಿಯಲ್ಲಿ ಎರಡೂ ಸಾಲನ್ನು ಒಂದರ ಕೆಳಗೆ ಒಂದು ಬರೆದು ತುಂಬಾ ಹೊತ್ತು ನೋಡುತ್ತಾ ಕೂತೆ.

ದೇಹಕ್ಕೆ ತಾರೀಖು ಗೊತ್ತಿಲ್ಲ. ಸಿಟ್ಟು ಬಂತು ಅಂದರೆ ಎದುರಿಗೆ ಅಪಾಯ ಇದೆ ಅಂತಲೇ ಅದರ ಲೆಕ್ಕ. ಅಡ್ರಿನಲಿನ್ ಅನ್ನುವ ಹಾರ್ಮೋನು ಏರುತ್ತದೆ, ಹೃದಯ ಜೋರಾಗಿ ಬಡಿಯುತ್ತದೆ, ರಕ್ತನಾಳ ಬಿಗಿಯುತ್ತದೆ, ಸ್ನಾಯು ಸೆಟೆಯುತ್ತದೆ. ಹೊಡೆದಾಡಲೋ ಓಡಲೋ ತಯಾರಿ ಇದು. ನಿಜಕ್ಕೂ ಹೊಡೆದಾಟ ಇದ್ದರೆ ಐದು ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ನಾನು ಕುರ್ಚಿಯ ಮೇಲೆ ಕೂತುಕೊಂಡು ದಿನಕ್ಕೆ ನಾಲ್ಕೈದು ಸಲ ಆ ತಯಾರಿ ಮಾಡಿಸುತ್ತಿದ್ದೆ.

2024ರಲ್ಲಿ ಇದರ ಬಗ್ಗೆ ಒಂದು ಅಧ್ಯಯನ ಬಂತು. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದ ಡಾಕ್ಟರ್ ಡೈಚಿ ಶಿಂಬೊ ಮತ್ತು ಜೊತೆಗಾರರು ಮಾಡಿದ್ದು. ಅದನ್ನು ಓದುವಾಗ ನನಗೆ ಆ ಶನಿವಾರವೇ ಕಣ್ಣಿಗೆ ಕಟ್ಟಿತು. 280 ಜನ ಆರೋಗ್ಯವಂತರನ್ನು ನಾಲ್ಕು ಗುಂಪು ಮಾಡಿದ್ದರು. ಒಂದು ಗುಂಪಿನವರು ತಮಗೆ ಸಿಟ್ಟು ತರಿಸಿದ ಘಟನೆಯೊಂದನ್ನು 8 ನಿಮಿಷ ನೆನಪು ಮಾಡಿಕೊಳ್ಳಬೇಕು. ಇನ್ನೊಂದು ಗುಂಪಿಗೆ ಆತಂಕ ತಂದ ಘಟನೆ. ಮೂರನೆಯವರು ದುಃಖ ತರುವ ವಾಕ್ಯಗಳನ್ನು ಓದಬೇಕು. ನಾಲ್ಕನೆಯವರು ಸುಮ್ನೆ ನೂರರವರೆಗೆ ಮತ್ತೆ ಮತ್ತೆ ಎಣಿಸಬೇಕು. ಸಿಟ್ಟಿನ ಗುಂಪಿನವರಲ್ಲಿ ರಕ್ತನಾಳಗಳು ಹಿಗ್ಗುವ ಶಕ್ತಿ ಕುಗ್ಗಿತು. ಅದು 40 ನಿಮಿಷದವರೆಗೂ ಇತ್ತು. ಬೇರೆ ಗುಂಪುಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ರಕ್ತನಾಳ ಸರಿಯಾಗಿ ಹಿಗ್ಗದೇ ಇರುವುದು ಮತ್ತೆ ಮತ್ತೆ ಆಗುತ್ತಾ ಹೋದರೆ ಮುಂದೆ ಹೃದಯದ ತೊಂದರೆಗೆ ದಾರಿಯಾಗಬಹುದು ಅನ್ನುವುದು ಅವರ ಆತಂಕ.

ನೆನಪು ಎಂಟು ನಿಮಿಷದ್ದು, ಅದರ ಬಿಗಿ ನಲವತ್ತು ನಿಮಿಷದ್ದು. ನಾನು ಸ್ನಾನದ ಹೊತ್ತಿನಲ್ಲಿ ಒಂದು ಸಲ, ಬಸ್ಸಿನಲ್ಲಿ ಎರಡು ಸಲ, ಮಲಗುವಾಗ ಒಂದು ಸಲ. ಮ್ಯಾನೇಜರ್ ನನ್ನ ಹೆಸರು ಬಿಟ್ಟದ್ದು ಒಂದೇ ಒಂದು ಸಲ. ಉಳಿದ ಸಲವೆಲ್ಲ ಆ ಮೀಟಿಂಗ್ ಕರೆದವಳು ನಾನೇ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು, ಇಲ್ಲದಿದ್ದರೆ ನನಗೇ ಸಮಾಧಾನ ಆಗುವುದಿಲ್ಲ. ಕೆಟ್ಟ ಕೆಲಸ ಸಿಕ್ಕಿದವರಿಗೆ "ನೀನು ಸಿಟ್ಟು ಮಾಡ್ಕೋಬೇಡ, ಎಲ್ಲ ಸರಿಹೋಗುತ್ತೆ" ಅಂತ ಉಪದೇಶ ಮಾಡುವವರನ್ನು ಕಂಡರೆ ನನಗಾಗುವುದಿಲ್ಲ. ತಪ್ಪು ಕೆಲಸದ ಜಾಗದ್ದೇ ಇರುತ್ತದೆ, ಎಷ್ಟೋ ಸಲ. ಬ್ರಿಟನ್ನಿನಲ್ಲಿ 1985ರಲ್ಲಿ ಶುರುವಾದ ಎರಡನೇ ವೈಟ್‌ಹಾಲ್ ಅಧ್ಯಯನ 10 ಸಾವಿರಕ್ಕೂ ಹೆಚ್ಚು ಸರ್ಕಾರಿ ನೌಕರರನ್ನು ವರ್ಷಾನುಗಟ್ಟಲೆ ಗಮನಿಸಿತು. ತಮ್ಮ ಕೆಲಸದ ಮೇಲೆ ತಮಗೆ ಹಿಡಿತವೇ ಇಲ್ಲದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡುಬಂತು. ಅಂದರೆ ಅಂಥ ಕೆಲಸ ಆಗಲೇ ನಮ್ಮಿಂದ ಏನೋ ಕಿತ್ತುಕೊಳ್ಳುತ್ತಿದೆ. ಸಿಟ್ಟು ಬರುವುದರಲ್ಲಿ ತಪ್ಪಿಲ್ಲ. ನನಗೆ ಬಂದ ಸಿಟ್ಟು ನ್ಯಾಯದ ಸಿಟ್ಟೇ, ಇವತ್ತಿಗೂ ಹಾಗೇ ಅನ್ನುತ್ತೇನೆ. ಆದರೆ ಕೆಲಸ ಎಂಟು ಗಂಟೆ ಕಿತ್ತುಕೊಂಡರೆ ಉಳಿದ ಹದಿನಾರು ಗಂಟೆಯನ್ನು ನನ್ನ ಕೈಯಾರೆ ನಾನೇ ಕೊಡುತ್ತಿದ್ದೆ.

ಸಿಟ್ಟನ್ನು ಹೊರಗೆ ಹಾಕಿದರೆ ಹಗುರ ಆಗುತ್ತದೆ ಅಂತ ಹೇಳುತ್ತಾರಲ್ಲ, ಅದನ್ನೂ ಮಾಡಿದ್ದೆ. ಊಟದ ಹೊತ್ತಿಗೆ ನಾವು ನಾಲ್ಕು ಜನ ಒಟ್ಟಿಗೆ ಕೂರುತ್ತಿದ್ದೆವು. ನಾಲ್ವರಿಗೂ ಅದೇ ಮ್ಯಾನೇಜರ್. ಒಬ್ಬಳು ಅವರ ದನಿಯಲ್ಲಿ ಮಾತಾಡುತ್ತಿದ್ದಳು, ನಾವು ನಗುತ್ತಿದ್ದೆವು. ಆ ಅರ್ಧ ಗಂಟೆ ಇಲ್ಲದಿದ್ದರೆ ನಾನು ಹುಚ್ಚಿಯಾಗುತ್ತಿದ್ದೆ ಅಂತ ಆಗ ಅನ್ನಿಸುತ್ತಿತ್ತು. ಆದರೆ ಮಧ್ಯಾಹ್ನ ಸೀಟಿಗೆ ವಾಪಸ್ ಬಂದಾಗ ಹಗುರ ಆಗಿರುತ್ತಿರಲಿಲ್ಲ. ಮೂವರ ಸಿಟ್ಟೂ ನನ್ನ ಸಿಟ್ಟಿಗೆ ಸೇರಿರುತ್ತಿತ್ತು. ಅವರಿಗೂ ಹಾಗೇ ಆಗಿದ್ದಿರಬೇಕು.

ಬ್ರಾಡ್ ಬುಶ್‌ಮನ್ ಅನ್ನುವ ಮನಶ್ಶಾಸ್ತ್ರಜ್ಞರು 2002ರಲ್ಲಿ 600 ಕಾಲೇಜು ವಿದ್ಯಾರ್ಥಿಗಳ ಮೇಲೆ ಇದನ್ನು ಪರೀಕ್ಷಿಸಿದ್ದರು. ಮೊದಲು ಸಿಟ್ಟು ಬರಿಸಿದರು. ಆಮೇಲೆ ಕೆಲವರಿಗೆ ಸಿಟ್ಟು ತರಿಸಿದವರನ್ನೇ ನೆನೆಯುತ್ತಾ ಗುದ್ದುವ ಚೀಲಕ್ಕೆ ಗುದ್ದಲು ಹೇಳಿದರು. ಇನ್ನು ಕೆಲವರನ್ನು ಸುಮ್ನೆ ಕೂರಿಸಿದರು. ಗುದ್ದಿದವರಿಗೇ ಸಿಟ್ಟು ಜಾಸ್ತಿ ಉಳಿಯಿತು. 2024ರಲ್ಲಿ ಅವರು ಮತ್ತು ಸೋಫಿ ಶೆರ್ವಿಕ್ 154 ಅಧ್ಯಯನಗಳನ್ನು ಒಟ್ಟಿಗೆ ಸೇರಿಸಿ ನೋಡಿದಾಗಲೂ ಉತ್ತರ ಅದೇ ದಿಕ್ಕಿನಲ್ಲಿತ್ತು. ಮೈ ಕಾವೇರಿಸುವ ಕೆಲಸಗಳಿಂದ ಸಿಟ್ಟು ಇಳಿಯುವುದಿಲ್ಲ. ನಿಧಾನ ಉಸಿರಾಟ, ಧ್ಯಾನ, ಮೈ ಸಡಿಲ ಬಿಡುವುದು ಇಂಥವುಗಳಿಂದ ಇಳಿಯುತ್ತದೆ. ಜಾಗಿಂಗ್ ಹೃದಯಕ್ಕೆ ಒಳ್ಳೆಯದೇ, ಆದರೆ ಸಿಟ್ಟಿಗೆ ಮದ್ದಲ್ಲ. ನಾನೂ ಆಗ ಸಂಜೆ ಬಿರುಸಾಗಿ ನಡೆಯುತ್ತಿದ್ದೆ. ಆರೋಗ್ಯಕ್ಕೆ ಅಂತ ಹೊರಟರೂ ಒಂದೊಂದು ಹೆಜ್ಜೆಗೂ ಮ್ಯಾನೇಜರಿಗೆ ಒಂದೊಂದು ಉತ್ತರ ಕೊಡುತ್ತಾ ನಡೆಯುತ್ತಿದ್ದೆ. ಮನೆಗೆ ಬಂದಾಗ ಹೊರಟಾಗಿನದಕ್ಕಿಂತ ಮುಖ ಬಿಗಿದಿರುತ್ತಿತ್ತು.

ಆ ಊಟದ ಗುಂಪಿನಿಂದ ಆಮೇಲೆ ಮೆಲ್ಲಗೆ ಹಿಂದೆ ಸರಿದೆ. ಇದರಲ್ಲಿ ನನಗೆ ನಷ್ಟವೂ ಆಯಿತು. ದನಿ ಮಾಡಿ ತೋರಿಸುತ್ತಿದ್ದ ಗೆಳತಿಗೆ ಬೇಜಾರಾಯಿತು. "ನೀನೂ ಅವರ ಕಡೆ ಆದ್ಯಾ?" ಅಂದಳು. ಮ್ಯಾನೇಜರ್ ವಿಷಯ ಬಿಟ್ಟರೆ ನಮ್ಮಿಬ್ಬರ ನಡುವೆ ಮಾತಾಡಲು ಹೆಚ್ಚೇನೂ ಇರಲಿಲ್ಲ ಅನ್ನುವುದು ನನಗೆ ಆಗಲೇ ತಿಳಿದದ್ದು. ಅದು ಇವತ್ತಿಗೂ ನೋವಿದೆ.

ಕೆಲಸದಲ್ಲಿ ಆದ ಪೆಟ್ಟೂ ಸಣ್ಣದಲ್ಲ. ಒಂದು ಮಧ್ಯಾಹ್ನ, ತಿಂಗಳ ಕೊನೆಯ ದಿನ, ಪಾವತಿಯ ಪಟ್ಟಿ ಬಿಡುಗಡೆ ಮಾಡಬೇಕಿತ್ತು. ಬೆಳಿಗ್ಗೆ ಮ್ಯಾನೇಜರ್ ಎಲ್ಲರೆದುರು ಒಂದು ಮಾತು ಅಂದಿದ್ದರು. ಅದನ್ನೇ ಮೆಲುಕು ಹಾಕುತ್ತಾ ಪಟ್ಟಿಯ ಮೇಲೆ ಕಣ್ಣಾಡಿಸಿದೆ. ಒಂದು ಸಾಲು ಕೆಂಪಾಗಿತ್ತು. ನನ್ನದೇ ಶೀಟ್, ನಾನೇ ಎಂಟು ತಿಂಗಳು ಕೂತು ಕಲಿಸಿದ ಕೆಂಪು. ಕಣ್ಣು ನೋಡಿತು, ಮನಸ್ಸು ನೋಡಲಿಲ್ಲ. ಬಿಡುಗಡೆ ಗುಂಡಿ ಒತ್ತಿದೆ. ಒಂದೇ ಬಿಲ್ಲಿಗೆ ಎರಡನೇ ಸಲ ದುಡ್ಡು ಹೋಯಿತು.

ಮೂರು ವಾರದ ನಂತರ ಆ ದುಡ್ಡು ವಾಪಸ್ ಬಂತು. ಅಲ್ಲಿಯವರೆಗೆ ನನಗೆ ನಿದ್ದೆ ಇಲ್ಲ. ಮ್ಯಾನೇಜರ್ ಕರೆದು ಬೈದರು. ಆ ಎರಡು ವರ್ಷದಲ್ಲಿ ಅವರು ನ್ಯಾಯವಾಗಿ ಬೈದದ್ದು ಅದೊಂದೇ ಸಲ, ನನ್ನ ಬಾಯಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ನನಗೆ ಹೆಮ್ಮೆ ಇದ್ದದ್ದು ಒಂದೇ ವಿಷಯದಲ್ಲಿ, ನನ್ನ ಕೈಯಿಂದ ತಪ್ಪು ಲೆಕ್ಕ ಹೋಗುವುದಿಲ್ಲ ಅನ್ನುವುದರಲ್ಲಿ. ಅವರು ನನ್ನ ಹೆಸರನ್ನು ಸ್ಲೈಡಿನಿಂದ ತೆಗೆದಿದ್ದರು ಅಷ್ಟೇ. ಈ ಹೆಮ್ಮೆಯನ್ನು ಕಳೆದುಕೊಂಡವಳು ನಾನು.

ಸರಿ, ಬೇರೆ ಕೆಲಸ ಹುಡುಕಬಾರದಿತ್ತಾ ಅಂತ ಕೇಳುತ್ತೀರಿ. ಹುಡುಕಿದ್ದೆ, ಅಂತಲೇ ಅಂದುಕೊಂಡಿದ್ದೆ. ಫೋನಿನಲ್ಲಿ ರಾಜೀನಾಮೆ ಪತ್ರ ಬರೆದಿಟ್ಟಿದ್ದೆ. ಒಂದಲ್ಲ, ಹತ್ತಾರು. ಒಂದಕ್ಕಿಂತ ಒಂದು ಖಾರ. ರಾತ್ರಿ ಅದರ ಒಂದು ವಾಕ್ಯ ತಿದ್ದಿದರೆ ಏನೋ ಸಾಧಿಸಿದ ಹಾಗೆ ಅನ್ನಿಸಿ ನಿದ್ದೆ ಬರುತ್ತಿತ್ತು. ಆದರೆ ನನ್ನ ಬಯೋಡೇಟಾ ಏಳು ವರ್ಷ ಹಳೆಯದಾಗಿಯೇ ಉಳಿದಿತ್ತು. ಆ ಶೀಟಿನ ವಿಷಯವೇ ಅದರಲ್ಲಿ ಇರಲಿಲ್ಲ! ಅವರು ನನ್ನ ಹೆಸರು ಹಾಕಲಿಲ್ಲ ಅಂತ ಎರಡು ವರ್ಷ ಬೆಂದವಳು, ನನ್ನ ಸ್ವಂತ ಕಾಗದದ ಮೇಲೆ ನಾನೇ ಹಾಕಿಕೊಂಡಿರಲಿಲ್ಲ.

ಒಂದು ಕಡೆ ಸಂದರ್ಶನಕ್ಕೆ ಕರೆದರು. ಇಬ್ಬರಿದ್ದರು. ಲೆಕ್ಕದ ಪ್ರಶ್ನೆಗಳಿಗೆಲ್ಲ ಚೆನ್ನಾಗಿ ಉತ್ತರ ಕೊಟ್ಟೆ. ಹಿರಿಯ ಹೆಂಗಸು ಬರೆದುಕೊಳ್ಳುತ್ತಾ ತಲೆಯಾಡಿಸುತ್ತಿದ್ದರು. ಆಮೇಲೆ ಕೇಳಿದರು, "ಈಗಿನ ಕೆಲಸ ಯಾಕೆ ಬಿಡ್ತಿದ್ದೀರಿ?" ನಾನು ಶುರು ಮಾಡಿದೆ. ಐದೂ ಮುಕ್ಕಾಲಿನ ಮೇಲ್, ಕೂಗಾಟ, ಸ್ಲೈಡು. ನನ್ನ ದನಿ ಏರುತ್ತಿರುವುದು ನನಗೇ ಕೇಳಿಸುತ್ತಿತ್ತು, ನಿಲ್ಲಿಸಲು ಆಗಲಿಲ್ಲ. ಅವರ ಪೆನ್ನು ಕಾಗದದ ಮೇಲೆ ನಿಂತಿತು. ಅವರು ಅದರ ಮುಚ್ಚಳ ಹಾಕಿದರು. ಕ್ಲಿಕ್ ಅಂತ ಆದ ಆ ಸಣ್ಣ ಸದ್ದಿಗೆ ನಾನು ಮಾತು ನಿಲ್ಲಿಸಿದೆ. ಅಲ್ಲಿಂದ ಮತ್ತೆ ಕರೆ ಬರಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಕರೆಯುತ್ತಿರಲಿಲ್ಲ.

ಇಂಥದ್ದನ್ನೇ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಜೊತೆಗಾರರು 1994ರಲ್ಲಿ ನೋಡಿದ್ದರು. ಕೆಲಸ ಕಳೆದುಕೊಂಡ 63 ಜನರ ಮೇಲೆ ನಡೆದ ಅಧ್ಯಯನ. ಕೆಲವರಿಗೆ ತಮ್ಮ ಒಳಗಿನ ನೋವು, ಸಿಟ್ಟು, ಅವಮಾನವನ್ನೆಲ್ಲ ಐದು ದಿನ, ದಿನಕ್ಕೆ ಇಪ್ಪತ್ತು ನಿಮಿಷ ಕೂತು ಬರೆಯಲು ಹೇಳಿದರು. ಉಳಿದವರಲ್ಲಿ ಕೆಲವರು ಬೇರೆ ಸಾಮಾನ್ಯ ವಿಷಯ ಬರೆದರು, ಕೆಲವರು ಏನೂ ಬರೆಯಲಿಲ್ಲ. ಮುಂದಿನ ತಿಂಗಳುಗಳಲ್ಲಿ ಒಳಗಿನದನ್ನು ಬರೆದವರಿಗೆ ಹೊಸ ಕೆಲಸ ಬೇಗ ಸಿಕ್ಕಿತು. ಅವರು ಬೇರೆಯವರಿಗಿಂತ ಜಾಸ್ತಿ ಅರ್ಜಿಯನ್ನೂ ಹಾಕಿರಲಿಲ್ಲ, ಜಾಸ್ತಿ ಸಂದರ್ಶನಕ್ಕೂ ಹೋಗಿರಲಿಲ್ಲ. ಕಾಗದದ ಮೇಲೆ ಒಂದು ಸಲ ಪೂರ್ತಿ ಇಳಿಸಿ ಬಂದವರಿಗೆ ಸಂದರ್ಶನದ ಕೋಣೆಯಲ್ಲಿ ಅದನ್ನು ಹೊರಗೆ ಹಾಕುವ ಒತ್ತಡ ಇರಲಿಲ್ಲವೇನೋ. ಇದು ನನ್ನ ಊಹೆ, ಪೆನ್ನಿನ ಮುಚ್ಚಳದ ಸದ್ದು ಕೇಳಿದವಳ ಊಹೆ.

ನಾನೂ ಬರೆಯುತ್ತಿದ್ದೆ, ಆದರೆ ಬೇರೆ ಥರ. ಒಂದು ನೋಟ್‌ಬುಕ್ ಇತ್ತು. ತಾರೀಖು, ಗಂಟೆ, ಮ್ಯಾನೇಜರ್ ಏನಂದರು, ಹೇಗೆ ನೋಡಿದರು. ಮುಂದೆ ದೂರು ಕೊಡುವಾಗ ಬೇಕಾಗುತ್ತದೆ ಅಂತ ಶುರು ಮಾಡಿದ್ದು. ಎರಡು ಪುಸ್ತಕ ತುಂಬಿತ್ತು. ಮಗಳ ಮಾತು ಕೇಳಿದ ಆ ಭಾನುವಾರ ರಾತ್ರಿ ಎರಡನ್ನೂ ತೆಗೆದು ಮೊದಲಿನಿಂದ ಓದಿದೆ. ಓದುತ್ತಾ ನಾಚಿಕೆಗಿಂತ ಗಾಬರಿಯೇ ಆಯಿತು. ಮೊದಲ ಪುಟಗಳಲ್ಲಿ ನಡೆದ ಸಂಗತಿ ಇತ್ತು. ಬರಬರುತ್ತಾ ಬರೀ ಬೈಗುಳ. ಅವರ ಅಂಗಿಯ ಬಣ್ಣ, ನಡಿಗೆ, ನಗು, ಎಲ್ಲದರ ಮೇಲೂ ಸಿಟ್ಟು. ಒಂದು ಪುಟದಲ್ಲಿ ಅವರು ನೀರು ಕುಡಿಯುವ ರೀತಿಯ ಬಗ್ಗೆ ಬರೆದಿದ್ದೆ.

ಲೆಕ್ಕ ತಾಳೆ ನೋಡುವ ಹಾಗೆ ಕೆಂಪು ಪೆನ್ನು ಹಿಡಿದು ಕೂತೆ. ಮೂರನೆಯವರ ಮುಂದೆ ಇಟ್ಟು ತೋರಿಸಬಹುದಾದದ್ದು ಎಷ್ಟು? ಎರಡು ಪುಸ್ತಕದಲ್ಲಿ ನಾಲ್ಕೇ ನಾಲ್ಕು. ಎಲ್ಲರೆದುರು ಕೂಗಾಡಿದ ಎರಡು ದಿನ, ಸಾಕ್ಷಿ ಇದ್ದವರು ಯಾರು ಅನ್ನುವುದರ ಸಮೇತ. ಹೆಚ್ಚು ಹೊತ್ತು ಕೆಲಸ ಮಾಡಿಯೂ ಹಾಜರಿಯಲ್ಲಿ ಬರೆಯದ ದಿನಗಳ ಪಟ್ಟಿ. ಮಂಜೂರಾಗಿ ಆಮೇಲೆ ರದ್ದಾದ ರಜೆ. ಶೀಟಿನ ವಿಷಯ, ನಾನು ಅದನ್ನು ಕಳಿಸಿದ ಮೇಲ್‌ಗಳ ತಾರೀಖಿನ ಸಮೇತ. ಈ ನಾಲ್ಕನ್ನು ಒಂದೇ ಹಾಳೆಯಲ್ಲಿ ಬರೆದೆ. ಬೈಗುಳ ಇಲ್ಲ, ಬಣ್ಣನೆ ಇಲ್ಲ. ಬರೆದು ಮುಗಿಸಿದಾಗ ರಾತ್ರಿ ಒಂದು ಗಂಟೆ. ದವಡೆ ಸಡಿಲವಾಗಿತ್ತು. ಅದು ನನ್ನ ಗಮನಕ್ಕೆ ಬಂದದ್ದೇ ಒಂದು ವಿಶೇಷ.

ಆ ಹಾಳೆಯನ್ನು ಮ್ಯಾನೇಜರಿಗಿಂತ ಮೇಲಿನವರಿಗೆ ಕೊಟ್ಟೆ. ನಡುಗುತ್ತಲೇ ಕೊಟ್ಟೆ. ದೊಡ್ಡದೇನೂ ಆಗಲಿಲ್ಲ. ಹಾಜರಿಯ ಲೆಕ್ಕ ಸರಿಯಾಯಿತು. ಕೂಗಾಟ ಕಮ್ಮಿಯಾಯಿತು, ಪೂರ್ತಿ ನಿಲ್ಲಲಿಲ್ಲ. ಶೀಟಿಗೆ ನನ್ನ ಹೆಸರು ಬರಲೇ ಇಲ್ಲ. ಆದರೂ ಎರಡು ವರ್ಷ ಸ್ನಾನದ ಮನೆಯಲ್ಲಿ ಹೇಳುತ್ತಿದ್ದ ಮಾತನ್ನು ಒಂದು ಸಲ ಹೇಳಬೇಕಾದ ಜಾಗದಲ್ಲಿ ಹೇಳಿದ್ದೆ.

ಅಕ್ಕನ ಜೊತೆ ಒಂದು ಮಾತು ಮಾಡಿಕೊಂಡೆ: ಆಫೀಸಿನ ವಿಷಯ ಒಂದನ್ನು ಒಂದೇ ಸಲ ಹೇಳುವುದು. ಎರಡನೇ ಸಲ ತೆಗೆದರೆ ಅವಳು ನಿಲ್ಲಿಸಬೇಕು. ಮೊದಲ ವಾರ ಆರು ಸಲ ನಿಲ್ಲಿಸಿದಳು. "ಇದು ಆಗಿದೆ ಕಣೇ" ಅನ್ನುವಳು, ಅಷ್ಟೇ. ಸಂಜೆ ಮನೆಯ ಮೆಟ್ಟಿಲ ಮೇಲೆ ಕೂರಲು ಶುರು ಮಾಡಿದೆ. ಬಾಗಿಲು ತೆರೆಯುವ ಮೊದಲು ಹತ್ತು ನಿಮಿಷ. ಉಸಿರು ಎಳೆದುಕೊಳ್ಳುವುದಕ್ಕಿಂತ ಬಿಡುವುದು ಉದ್ದ. ಹಲ್ಲು ಹಲ್ಲಿಗೆ ತಾಗದ ಹಾಗೆ, ತುಟಿ ಮಾತ್ರ ಮುಚ್ಚಿ. ಇದನ್ನು ದಂತವೈದ್ಯರೇ ಹೇಳಿಕೊಟ್ಟಿದ್ದರು. ಪಕ್ಕದ ಮನೆಯವರು ಒಂದೆರಡು ದಿನ "ಬೀಗದಕೈ ಮರೆತ್ರಾ?" ಅಂತ ಕೇಳಿದರು. ಆಮೇಲೆ ರೂಢಿಯಾಯಿತು.

ರಾಜೀನಾಮೆ ಪತ್ರಗಳನ್ನೆಲ್ಲ ಅಳಿಸಿದೆ. ಆ ಹೊತ್ತಿನಲ್ಲಿ, ರಾತ್ರಿ ಒಂಬತ್ತರಿಂದ ನಲವತ್ತು ನಿಮಿಷ, ಬಯೋಡೇಟಾ ಸರಿಮಾಡಿದೆ, ಡೇಟಾಬೇಸ್ ಪಾಠ ಕಲಿತೆ, ಅರ್ಜಿ ಹಾಕಿದೆ. ಕೆಲವು ದಿನ ಸಿಟ್ಟು ವಾಪಸ್ ಬಂದು ಆ ನಲವತ್ತು ನಿಮಿಷವನ್ನೂ ತಿಂದುಹಾಕಿತು. ಹನ್ನೊಂದು ತಿಂಗಳು ಹಿಡಿಯಿತು. ಕೊನೆಗೆ ಸಂದರ್ಶನದಲ್ಲಿ ಅದೇ ಪ್ರಶ್ನೆ ಬಂದಾಗ, "ಒಂದೇ ಬಿಲ್ಲಿಗೆ ಎರಡು ಸಲ ದುಡ್ಡು ಹೋಗೋದನ್ನ ಹಿಡಿಯೋ ಶೀಟ್ ಮಾಡಿದ್ದೀನಿ. ಅಂಥ ಕೆಲಸ ಜಾಸ್ತಿ ಮಾಡ್ಬೇಕು ಅಂತಿದೆ, ಅಲ್ಲಿ ಅವಕಾಶ ಇಲ್ಲ" ಅಂದೆ. ಎರಡು ವಾಕ್ಯ. ಅದರಲ್ಲಿ ಸುಳ್ಳಿರಲಿಲ್ಲ.

ಬಿಟ್ಟುಬಂದ ದಿನ ಮ್ಯಾನೇಜರ್ ಕೈ ಕುಲುಕಿದರು. ನಾನು ಹೇಳಬೇಕು ಅಂದುಕೊಂಡಿದ್ದ ಮಾತುಗಳು ಯಾವುದೂ ನೆನಪಿಗೆ ಬರಲಿಲ್ಲ.

ಈಗ ಹೊಸ ಜಾಗಕ್ಕೆ ಬಂದು ಎರಡು ವರ್ಷ. ಬಿಪಿ ಸುಮಾರು ಸರಿಯಿದೆ, ತಿಂಗಳಿಗೊಮ್ಮೆ ನೋಡಿಕೊಳ್ಳುತ್ತೇನೆ. ಸೀಳಿದ ಹಲ್ಲು ಕ್ಯಾಪಿನ ಕೆಳಗೆ ಹಾಗೇ ಇದೆ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಅನ್ನುತ್ತಾರಲ್ಲ, ಸವೆದ ಕೋರೆಹಲ್ಲೂ ಮತ್ತೆ ಬೆಳೆಯುವುದಿಲ್ಲ.

ಕಳೆದ ವಾರ ಸಂಜೆ ಎರಡೂ ಕೈಯಲ್ಲಿ ಸಾಮಾನಿತ್ತು. ಬಾಗಿಲು ತೆರೆದು ಒಳಗೆ ಕಾಲಿಡುವಾಗ ಬೀಗದಕೈ ಗೊಂಚಲು ಬೆರಳಿನಿಂದ ಜಾರಿ ಮೇಜಿನ ಮೇಲೆ ಧಡ್ ಅಂತ ಬಿತ್ತು. ಒಳಗೆ ರೂಮಿನಲ್ಲಿ ಮಗಳು ಏನೋ ಗುನುಗುತ್ತಿದ್ದಳು. ಗುನುಗು ನಿಂತಿತು. ಅವಳಿಗೀಗ ಹನ್ನೊಂದು ವರ್ಷ.

"ಜಾರಿಬಿತ್ತು ಪುಟ್ಟಾ, ಅಷ್ಟೇ" ಅಂತ ಕೂಗಿ ಹೇಳಿದೆ.

ಒಂದು ಕ್ಷಣ ಏನೂ ಸದ್ದಿಲ್ಲ. ಆಮೇಲೆ ಬಾಗಿಲು ಅರ್ಧ ತೆರೆಯಿತು. ಅವಳು ಬೀಗದಕೈ ಕಡೆ ನೋಡಲಿಲ್ಲ. ನನ್ನ ಮುಖ ನೋಡಿದಳು. ಆಮೇಲೆ ಬಂದು ಒಂದು ಕೈಯ ಚೀಲ ಇಸಿದುಕೊಂಡಳು.